ಮನಸ್ಸನ್ನ ತೂಗೋ ತಕ್ಕಡಿಗೆ ಸೀಲ್ ಹಾಕೋರು ಯಾರು?

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನಾಳೆ ಪರೀಕ್ಷೆ ಇಟ್ಕೊಂಡು ಪುಸ್ತಕ ಮುಚ್ಚಿ ಇದನ್ನ ಕೇಳ್ತಿರೋರಿಗೂ ಸ್ವಾಗತ.

ನಿಮ್ಮ ಬೀದಿಯ ದಿನಸಿ ಅಂಗಡಿಯ ತಕ್ಕಡಿಯನ್ನ ಯಾವತ್ತಾದ್ರೂ ಹತ್ತಿರದಿಂದ ನೋಡಿದ್ದೀರಾ? ಅದರ ಮೇಲೆ ಒಂದು ಮುದ್ರೆ ಇರಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷೆ ಮಾಡಿ ಹಾಕೋ ಮುದ್ರೆ. ಅದಿಲ್ಲದೆ ಅರ್ಧ ಕೆ.ಜಿ. ತೊಗರಿಬೇಳೆ ತೂಗಿ ಮಾರೋದೂ ಕಾನೂನಿನ ಪ್ರಕಾರ ತಪ್ಪು. ನಾನು ಬಿ.ಕಾಂ. ಓದಿದವನು. ಒಂದು ನಂಬರ್ ಕಂಡ್ರೆ ಇದು ಎಲ್ಲಿಂದ ಬಂತು, ಯಾರು ಸಹಿ ಹಾಕಿದ್ರು ಅಂತ ಕೇಳೋದು ನಮಗೆ ಕಲಿಸಿಕೊಟ್ಟ ಚಾಳಿ. ಆದ್ರೆ ಮನಸ್ಸಿನ ವಿಷಯಕ್ಕೆ ಬಂದ್ರೆ ನಾವ್ಯಾರೂ ಹಾಗೆ ಕೇಳೋದೇ ಇಲ್ಲ. ಐಕ್ಯೂ ಇಷ್ಟು, ಸ್ಟ್ರೆಸ್ ಸ್ಕೋರ್ ಇಷ್ಟು, ಬರ್ನ್‌ಔಟ್ ಇಷ್ಟು ಪರ್ಸೆಂಟ್. ಫೋನ್ ಹೇಳ್ತು, ನಾವು ನಂಬಿದ್ವಿ, ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್‌ಗೂ ಹಾಕಿದ್ವಿ.

ಇವತ್ತಿನ ಮಾತು ಇದರ ಬಗ್ಗೇನೇ. ಮನಸ್ಸನ್ನ ಅಳೆಯೋಕೆ ಆಗುತ್ತಾ? ಸ್ವಲ್ಪ ಮಟ್ಟಿಗೆ ಆಗುತ್ತೆ. ಅದಕ್ಕೆ ನೂರು ವರ್ಷಕ್ಕೂ ಮೀರಿದ ಶ್ರಮ ಇದೆ, ಅದನ್ನ ತಮಾಷೆ ಮಾಡೋಕೆ ನಾನು ಕೂತಿಲ್ಲ. ತೊಂದರೆ ಶುರುವಾಗೋದು ಬೇರೆ ಕಡೆ. ಒಂದು ಕೆಲಸಕ್ಕೆ ಅಂತ ಮಾಡಿದ ತಕ್ಕಡಿಯನ್ನ ಎತ್ಕೊಂಡು ಹೋಗಿ ಇನ್ನೊಂದು ಕೆಲಸಕ್ಕೆ ಬಳಸಿದಾಗ.

ಮೊದಲು ಎರಡು ಪದ. ಅಂಗಡಿ ತಕ್ಕಡಿ ಪ್ರತಿ ಸಲ 100 ಗ್ರಾಂ ಜಾಸ್ತಿ ತೋರಿಸುತ್ತೆ ಅಂದ್ಕೊಳ್ಳಿ. ಹತ್ತು ಸಲ ಇಟ್ರೂ ಅದೇ ಉತ್ತರ. ಅಂದ್ರೆ ಅದು ಚಂಚಲ ಅಲ್ಲ, ಒಂದೇ ಮಾತು ಹೇಳುತ್ತೆ. ಆದ್ರೆ ಹೇಳೋದು ಸುಳ್ಳು. ಮನಶ್ಶಾಸ್ತ್ರದಲ್ಲಿ ಮೊದಲನೆಯದಕ್ಕೆ ರಿಲಯಬಿಲಿಟಿ ಅಂತಾರೆ, ಪ್ರತಿ ಸಲ ಒಂದೇ ಉತ್ತರ ಬರುತ್ತಾ ಅಂತ. ಎರಡನೆಯದು ವ್ಯಾಲಿಡಿಟಿ. ಅಳೆಯಬೇಕಾದ್ದನ್ನೇ ಅಳೀತಿದೆಯಾ ಅಂತ. ಬೇಳೆಗೆ ಇದು ಸುಲಭ, ಯಾಕಂದ್ರೆ ಪಕ್ಕದಲ್ಲಿ ಸರಿಯಾದ ತೂಕದ ಬಟ್ಟು ಇಟ್ಟು ನೋಡಬಹುದು. ಸುಸ್ತಿಗೆ, ಬುದ್ಧಿಗೆ, ನೆನಪಿಗೆ, ಸುಳ್ಳಿಗೆ ಹಾಗೆ ಪಕ್ಕದಲ್ಲಿಡೋ ಬಟ್ಟು ಇಲ್ಲ. ಇಡೀ ಕಷ್ಟ ಇರೋದೇ ಅಲ್ಲಿ.

ಈಗ ಮೊದಲ ಕಥೆ. 1905, ಪ್ಯಾರಿಸ್. ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ಸೇರಿ ಮಕ್ಕಳಿಗೆ ಒಂದು ಪರೀಕ್ಷೆ ತಯಾರು ಮಾಡ್ತಾರೆ. ಉದ್ದೇಶ ಒಂದೇ: ಶಾಲೆಯಲ್ಲಿ ಹಿಂದೆ ಬೀಳ್ತಿರೋ ಮಕ್ಕಳು ಯಾರು, ಅವರಿಗೆ ಯಾವ ಸಹಾಯ ಬೇಕು ಅಂತ ತಿಳ್ಕೊಳ್ಳೋದು. ಬುದ್ಧಿ ಅನ್ನೋದು ಹುಟ್ಟಿನಿಂದ ಸಾಯೋವರೆಗೂ ಬದಲಾಗದ ಪ್ರಮಾಣ ಅನ್ನೋ ಮಾತನ್ನ ಬಿನೆ ಒಪ್ಪಲಿಲ್ಲ, ಅಭ್ಯಾಸದಿಂದ ಅದು ಬೆಳೆಯುತ್ತೆ ಅಂತ ವಾದ ಮಾಡಿದ್ರು. 1911ರಲ್ಲಿ ಅವರು ತೀರಿಕೊಂಡ್ರು. ಅಷ್ಟೊತ್ತಿಗೆ ಅವರ ಪರೀಕ್ಷೆ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋಗಿತ್ತು. 1916ರಲ್ಲಿ ಲೂಯಿಸ್ ಟರ್ಮನ್ ಅದನ್ನ ಸ್ಟ್ಯಾನ್‌ಫರ್ಡ್–ಬಿನೆ ಅಂತ ತಿದ್ದಿ ತಂದ್ರು. ಮಕ್ಕಳಿಗೆ ಸಹಾಯ ಮಾಡೋಕೆ ಹುಟ್ಟಿದ ಪರೀಕ್ಷೆ, ಅಲ್ಲಿ ಜನರನ್ನ ಸೋಸಿ ಹೊರಗೆ ಹಾಕೋ ಜರಡಿ ಆಯ್ತು.

ಎಷ್ಟರ ಮಟ್ಟಿಗೆ ಅಂದ್ರೆ, ವರ್ಜೀನಿಯಾದಲ್ಲಿ ಕ್ಯಾರಿ ಬಕ್ ಅನ್ನೋ ಬಡ ಯುವತಿಗೆ ಬುದ್ಧಿ ಕಡಿಮೆ ಅಂತ ಹಣೆಪಟ್ಟಿ ಹಚ್ಚಿ, ಒಪ್ಪಿಗೆ ಇಲ್ಲದೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡೋಕೆ ಹೊರಟ್ರು. ಕೇಸ್ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. 1927ರಲ್ಲಿ 8–1 ಬಹುಮತದಲ್ಲಿ ಕೋರ್ಟ್ 'ಮಾಡಬಹುದು' ಅಂತು. ಮಾಡಿದ್ರು. ಆಕೆಗೆ ಆಗಲೇ ಹುಟ್ಟಿದ್ದ ಮಗಳಿಗೂ ಅದೇ ಹಣೆಪಟ್ಟಿ ಹಚ್ಚಿದ್ರು. ಆ ಮಗು ಮುಂದೆ ಶಾಲೆಯಲ್ಲಿ ಚೆನ್ನಾಗಿ ಓದೋ ಮಕ್ಕಳ ಪಟ್ಟಿಯಲ್ಲಿತ್ತು.

ನಮ್ಮ ಕಡೆ ಏನಾಗಿತ್ತು ಅಂತ ಕೇಳ್ತೀರಾ? 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಇದೇ ಬಿನೆ ಪರೀಕ್ಷೆಯನ್ನ ಕನ್ನಡ ಮತ್ತು ಮರಾಠಿ ಮಾತಾಡೋ ಮಕ್ಕಳಿಗೆ ಹೊಂದಿಸಿದ್ರು. ಬಿನೆ–ಕಾಮತ್ ಪರೀಕ್ಷೆ ಅಂತ ಅದರ ಹೆಸರು. ಬರೀ ಭಾಷಾಂತರ ಮಾಡಿದ್ರೆ ಸಾಲದು, ಇಲ್ಲಿನ ಮಕ್ಕಳ ಮೇಲೇ ಪ್ರಯೋಗ ಮಾಡಿ ಇಲ್ಲಿನ ಅಳತೆ ಕಟ್ಟಬೇಕು ಅನ್ನೋದು ಅದರ ಹಿಂದಿನ ತಿಳುವಳಿಕೆ. ಪ್ಯಾರಿಸ್ ಮಗುವಿಗೆ ಗೊತ್ತಿರೋ ವಸ್ತು ನಮ್ಮೂರಿನ ಮಗುವಿಗೆ ಗೊತ್ತಿಲ್ಲ ಅಂದ್ರೆ ಅದು ಬುದ್ಧಿಯ ಕೊರತೆ ಅಲ್ಲ, ಪ್ರಶ್ನೆಯ ಕೊರತೆ.

ಇನ್ನೊಂದು ವಿಷಯ ಹೇಳದೆ ಇರೋಕಾಗಲ್ಲ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದಾಗ ಅದನ್ನ ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಓದಿ ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ಶುರು ಮಾಡಿದ ಗೋಪಾಲಸ್ವಾಮಿ ಕೂಡ ಇವರೇ. ಮನೆಯಲ್ಲಿ ಕೂತು ಮೈಕ್ ಮುಂದೆ ಮಾತಾಡೋ ನಮ್ಮಂಥೋರಿಗೆಲ್ಲ ಮುತ್ತಾತ ಒಬ್ಬ ಮನಶ್ಶಾಸ್ತ್ರದ ಮೇಷ್ಟ್ರು. ನನಗಂತೂ ಇದು ತುಂಬಾ ಖುಷಿ ಕೊಟ್ಟ ವಿಷಯ.

ಸರಿ, ನೂರು ವರ್ಷ ಹಿಂದಿನ ಮಾತು ಸಾಕು. ಈಗ ನಿಮ್ಮ ಆಫೀಸಿಗೆ ಬರೋಣ.

ಹೋದ ತಿಂಗಳು ಕೇಳುಗರೊಬ್ಬರು ಮೆಸೇಜ್ ಹಾಕಿದ್ರು. ಹೆಸರು ಬೇಡ, ಕಂಪನಿ ಬೇಡ. ಆಫೀಸಲ್ಲಿ ಒಂದು 'ವೆಲ್‌ನೆಸ್ ಸರ್ವೆ' ಕಳಿಸಿದ್ರಂತೆ. ಯಾರು ಏನು ಬರೆದ್ರು ಅಂತ ಗೊತ್ತಾಗಲ್ಲ ಅಂದ್ರಂತೆ, ಆದ್ರೆ ಲಾಗಿನ್ ಆಗೋಕೆ ಎಂಪ್ಲಾಯಿ ಐಡಿ ಬೇಕಂತೆ! ಇವರು ಪ್ರಾಮಾಣಿಕವಾಗಿ ತುಂಬಿದ್ರು. ಕೊನೆಗೆ ಸ್ಕ್ರೀನ್ ಮೇಲೆ ಕೆಂಪು ಬಣ್ಣದಲ್ಲಿ 72, ಹೈ ರಿಸ್ಕ್. ಎರಡು ದಿನ ಬಿಟ್ಟು ಟೀಮ್ ಲೀಡ್ ಕರೆದು, ಶನಿವಾರ ಬೆಳಿಗ್ಗೆ ಹತ್ತಕ್ಕೆ 'ಒತ್ತಡ ನಿಭಾಯಿಸೋದು ಹೇಗೆ' ಅಂತ ಒಂದು ವೆಬಿನಾರ್ ಇದೆ, ಜಾಯಿನ್ ಆಗಿ ಅಂದ್ರಂತೆ. ಅವರ ಪ್ರಶ್ನೆ ಹೀಗಿತ್ತು: "ಅಣ್ಣ, 72 ಅಂದ್ರೆ ನನಗೆ ಕಾಯಿಲೆನಾ? ಅಥವಾ ನಿಜ ಬರೆದಿದ್ದೇ ತಪ್ಪಾಯ್ತಾ?"

ನಾನು ಡಾಕ್ಟರ್ ಅಲ್ಲ. ಆದ್ರೆ ಆ 72ರ ಲೆಕ್ಕಪತ್ರ ಬಿಚ್ಚಿ ನೋಡಬಹುದು.

ಬರ್ನ್‌ಔಟ್ ಅನ್ನೋ ಪದವನ್ನ ಮನಶ್ಶಾಸ್ತ್ರಕ್ಕೆ ತಂದವರು ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಉಚಿತ ಚಿಕಿತ್ಸಾಲಯದಲ್ಲಿ ರಾತ್ರಿ ಹಗಲು ದುಡಿಯೋರು ಹೇಗೆ ಒಳಗೊಳಗೇ ಬರಿದಾಗ್ತಾರೆ ಅಂತ 1974ರಲ್ಲಿ ಬರೆದ್ರು. ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ ಬಂದ್ರು. ನರ್ಸ್, ಡಾಕ್ಟರ್, ಸಮಾಜಸೇವಾ ಕೆಲಸದವರು, ಇಂಥವರ ಜೊತೆ ಕೂತು ಮಾತಾಡಿ, ಸೂಸನ್ ಜಾಕ್ಸನ್ ಜೊತೆ ಸೇರಿ 1981ರಲ್ಲಿ 22 ಪ್ರಶ್ನೆಗಳ ಒಂದು ಮಾಪನ ಪ್ರಕಟಿಸಿದ್ರು. ಇವತ್ತಿಗೂ ಸಂಶೋಧನೆಯಲ್ಲಿ ಹೆಚ್ಚು ಬಳಸೋದು ಅದನ್ನೇ. ಪ್ರತಿ ಪ್ರಶ್ನೆಗೆ ಉತ್ತರ 0ಯಿಂದ 6. ಯಾವತ್ತೂ ಹಾಗನ್ನಿಸಿಲ್ಲ ಅಂದ್ರೆ 0, ದಿನಾ ಅನ್ನಿಸುತ್ತೆ ಅಂದ್ರೆ 6.

ಆ 22 ಪ್ರಶ್ನೆಗಳಿಂದ ಬರೋದು ಒಂದು ನಂಬರ್ ಅಲ್ಲ, ಮೂರು. ಒಂದು, ಮನಸ್ಸು ಎಷ್ಟು ಬಳಲಿದೆ. ಎರಡು, ಎದುರಿಗಿರೋ ಜನ ಮನುಷ್ಯರ ಥರ ಕಾಣೋದು ನಿಂತು ಬರೀ ಫೈಲ್, ಟಿಕೆಟ್ ನಂಬರ್ ಥರ ಕಾಣ್ತಿದ್ದಾರಾ. ಮೂರು, ನಾನು ಮಾಡೋ ಕೆಲಸಕ್ಕೆ ಅರ್ಥ ಇದೆ ಅನ್ನಿಸುತ್ತಾ. ಈ ಮೂರನ್ನ ಕೂಡಿ ಒಂದು ಮೊತ್ತ ಮಾಡಬಾರದು ಅನ್ನೋದು ಮಾಪನ ಮಾಡಿದವರದ್ದೇ ನಿಲುವು. ನಗದು, ಸ್ಟಾಕು, ಸಾಲ ಮೂರನ್ನೂ ಕೂಡಿಸಿ ಒಂದು ನಂಬರ್ ಬರೆದ್ರೆ ಅದು ಬ್ಯಾಲೆನ್ಸ್ ಶೀಟ್ ಆಗುತ್ತಾ? ಆಗಲ್ಲ. 72 ಅನ್ನೋ ಒಂಟಿ ನಂಬರ್ ಕೂಡ ಹಂಗೇ.

ಇಷ್ಟು ಅಂಕ ದಾಟಿದ್ರೆ ಬರ್ನ್‌ಔಟ್, ಇಲ್ಲದಿದ್ರೆ ಇಲ್ಲ ಅನ್ನೋ ಗೆರೆ ಎಲ್ಲಿದೆ? 2018ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ 'ಜಾಮಾ'ದಲ್ಲಿ ಒಂದು ಪರಿಶೀಲನೆ ಬಂತು. 45 ದೇಶಗಳ, ಒಂದು ಲಕ್ಷಕ್ಕೂ ಹೆಚ್ಚು ವೈದ್ಯರ ಮೇಲೆ ನಡೆದ 182 ಅಧ್ಯಯನಗಳನ್ನ ಜೋಡಿಸಿ ನೋಡಿದ್ರು. ಎಷ್ಟು ವೈದ್ಯರಿಗೆ ಬರ್ನ್‌ಔಟ್ ಇದೆ ಅನ್ನೋದಕ್ಕೆ ಸಿಕ್ಕ ಉತ್ತರ ಶೇ. 0ಯಿಂದ ಶೇ. 80.5ರವರೆಗೆ! ಯಾಕೆ ಹೀಗೆ? ಆ ಅಧ್ಯಯನಗಳಲ್ಲಿ ಬರ್ನ್‌ಔಟ್‌ಗೆ ಕಮ್ಮಿ ಅಂದ್ರೂ 142 ಬೇರೆ ಬೇರೆ ವ್ಯಾಖ್ಯೆಗಳಿದ್ವು. ಒಂದು ಮಾರ್ಕೆಟ್ಟಿನಲ್ಲಿ 142 ಥರದ ಸೇರು ಇಟ್ಕೊಂಡು ಅಕ್ಕಿ ಅಳೆದ ಹಾಗೆ.

ಹಾಗಂತ ಬರ್ನ್‌ಔಟ್ ಸುಳ್ಳು ಅಂತಲ್ಲ. ದಯವಿಟ್ಟು ಇದನ್ನ ಕಟ್ ಮಾಡಿ ರೀಲ್ ಮಾಡಬೇಡಿ. ಸುಸ್ತು ನಿಜ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್‌ಗೆ ಜಾಗ ಕೊಟ್ಟಾಗ, ಇದು ಕಾಯಿಲೆ ಅಲ್ಲ, ಉದ್ಯೋಗಕ್ಕೆ ಸಂಬಂಧಪಟ್ಟ ವಿದ್ಯಮಾನ ಅಂತ ಸ್ಪಷ್ಟವಾಗಿ ಬರೀತು. ಕೆಲಸದ ಜಾಗದ ಒತ್ತಡವನ್ನ ಸರಿಯಾಗಿ ನಿಭಾಯಿಸದೆ ಬಿಟ್ಟಾಗ ಆಗೋ ಪರಿಣಾಮ ಅಂತ. ಮ್ಯಾಸ್ಲಾಕ್ ವರ್ಷಗಟ್ಟಲೆ ಹೇಳ್ತಾ ಬಂದಿರೋದೂ ಅದೇ. ಅವರ ಮಾಪನದ ಕೆಲಸ ವ್ಯಕ್ತಿಗೆ ರೋಗ ಪತ್ತೆ ಮಾಡೋದಲ್ಲ, ಕೆಲಸದ ಜಾಗದಲ್ಲಿ ಏನು ನಡೀತಿದೆ ಅಂತ ನೋಡೋದು. ಕೆಲಸದ ಹೊರೆ ಎಷ್ಟು, ತನ್ನ ಕೆಲಸದ ಮೇಲೆ ತನಗೆ ಹಿಡಿತ ಇದೆಯಾ, ದುಡಿದಿದ್ದಕ್ಕೆ ಬೆಲೆ ಸಿಗುತ್ತಾ, ಜೊತೆಯವರು ಹೇಗೆ, ನ್ಯಾಯ ಇದೆಯಾ, ಮನಸ್ಸು ಒಪ್ಪೋ ಕೆಲಸನಾ. ಅವರು ನೋಡೋಕೆ ಹೇಳೋದು ಈ ಆರನ್ನ.

ಹಾಗಾಗಿ ಆ ತಂಗಿಗೆ ನನ್ನ ಉತ್ತರ: 72 ಕಾಯಿಲೆಯ ಹೆಸರಲ್ಲ. ನೀನು ನಿಜ ಬರೆದಿದ್ದೂ ತಪ್ಪಲ್ಲ. ಅದೇ ಟೀಮಿನ ಇಪ್ಪತ್ತು ಜನರ ಉತ್ತರ ಒಟ್ಟಿಗೆ ನೋಡಿ, ಎಲ್ಲರೂ ಬಳಲಿದ್ದಾರೆ ಅಂತ ಕಂಡ್ರೆ, ಬದಲಾಗಬೇಕಾದ್ದು ಶಿಫ್ಟು, ಡೆಡ್‌ಲೈನು, ಜನರ ಸಂಖ್ಯೆ. ಆ ನಂಬರ್ ಹಿಡ್ಕೊಂಡು ಒಬ್ಬಳನ್ನೇ ಕರೆದು ಇರೋ ಒಂದು ಶನಿವಾರನೂ ಕಿತ್ಕೊಂಡ್ರೆ, ಥರ್ಮಾಮೀಟರ್‌ನಲ್ಲಿ ಜ್ವರ ಕಂಡಿದ್ದಕ್ಕೆ ರೋಗಿಗೆ ದಂಡ ಹಾಕಿದ ಹಾಗಾಯ್ತು. ಆದ್ರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ ಸರ್ವೆ, ಪಾಡ್‌ಕಾಸ್ಟ್ ಎರಡನ್ನೂ ಪಕ್ಕಕ್ಕಿಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಆಫೀಸಲ್ಲಿ ತಪ್ಪು ಅಳತೆಯ ಬೆಲೆ ಒಂದು ಶನಿವಾರ ಇರಬಹುದು, ಒಂದು ಪ್ರಮೋಷನ್ ಇರಬಹುದು. ಕೋರ್ಟಿನಲ್ಲಿ ಬೆಲೆ ಜೈಲು. ಅಲ್ಲೂ ಮನಸ್ಸನ್ನ ಅಳೆಯೋ ಪ್ರಯತ್ನ ನಡೆದಿದೆ. ತೀರ್ಪು ಕೊಡೋರ ಮನಸ್ಸು, ಆರೋಪಿಯ ಮನಸ್ಸು, ಎರಡನ್ನೂ.

ಮೊದಲು ತೀರ್ಪು ಕೊಡೋರು. ನಮ್ಮ ದೇಶದಲ್ಲೂ ಜ್ಯೂರಿ ಇತ್ತು ಅನ್ನೋದು ಹಲವರಿಗೆ ಗೊತ್ತಿರೋದು ನಾನಾವತಿ ಕೇಸಿನಿಂದ. 1959, ಬಾಂಬೆ. ನೌಕಾಪಡೆಯ ಅಧಿಕಾರಿ ನಾನಾವತಿ, ಹೆಂಡತಿಯ ಪ್ರಿಯಕರನನ್ನ ಗುಂಡು ಹಾರಿಸಿ ಕೊಂದ ಆರೋಪ. ಒಂಬತ್ತು ಜನ ಸಾಮಾನ್ಯರ ಜ್ಯೂರಿ 8–1ರಲ್ಲಿ ನಿರಪರಾಧಿ ಅಂತು. ಸೆಷನ್ಸ್ ನ್ಯಾಯಾಧೀಶರು ಅದನ್ನ ಒಪ್ಪದೆ ಹೈಕೋರ್ಟಿಗೆ ಕಳಿಸಿದ್ರು, ಅಲ್ಲಿ ಶಿಕ್ಷೆಯಾಯ್ತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ಇದೇ ದೇಶದ ಕೊನೆಯ ಜ್ಯೂರಿ ಕೇಸ್ ಅಂತ ಹೇಳೋದುಂಟು, ಅದು ಪೂರ್ತಿ ನಿಜ ಅಲ್ಲ, ಆಮೇಲೂ ಕೆಲವು ಕಡೆ ನಡೀತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಮಾತ್ರ ಜ್ಯೂರಿಗೆ ಜಾಗ ಇರಲಿಲ್ಲ.

ಆ ಎಂಟು ಜನರ ತಲೆಯಲ್ಲಿ ಏನು ಓಡ್ತಿತ್ತು? ಪತ್ರಿಕೆಗಳ ಪ್ರಚಾರನಾ, ಸಮವಸ್ತ್ರದ ಮೇಲಿನ ಗೌರವನಾ, ಸಾಕ್ಷಿನಾ? ಜ್ಯೂರಿ ಕಾರಣ ಬರೆಯೋದಿಲ್ಲ. ಕೋಣೆಯೊಳಗೆ ಕಿವಿ ಇಟ್ಟು ಕೇಳೋಣ ಅಂದ್ರೆ ಅದಕ್ಕೂ ದಾರಿ ಇಲ್ಲ. 1954ರಲ್ಲಿ ಅಮೆರಿಕದ ವಿಚಿಟಾದಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ನ್ಯಾಯಾಧೀಶರ ಅನುಮತಿ ಪಡೆದು, ಜ್ಯೂರಿಗೆ ಗೊತ್ತಿಲ್ಲದ ಹಾಗೆ ಅವರ ಚರ್ಚೆಯನ್ನ ರೆಕಾರ್ಡ್ ಮಾಡಿದ್ರು. ವಿಷಯ ಹೊರಗೆ ಬಂದು ದೊಡ್ಡ ಗಲಾಟೆ ಆಯ್ತು. 1956ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ನ್ಯಾಯಾಲಯಗಳಲ್ಲಿ ಜ್ಯೂರಿ ಚರ್ಚೆ ರೆಕಾರ್ಡ್ ಮಾಡೋದೇ ಅಪರಾಧ ಅಂತ ಕಾನೂನು ಬಂತು.

ಆಮೇಲೆ ಸಂಶೋಧಕರು ಬೇರೆ ದಾರಿ ಹಿಡಿದ್ರು: ಅಣಕು ಜ್ಯೂರಿ. ಜನರನ್ನ ಕೂರಿಸಿ, ಕೇಸಿನ ವಿವರ ಕೊಟ್ಟು, ತೀರ್ಪು ಕೇಳೋದು. ನ್ಯಾನ್ಸಿ ಪೆನ್ನಿಂಗ್ಟನ್ ಮತ್ತು ರೀಡ್ ಹೇಸ್ಟಿ ಅನ್ನೋರು 1980ರ ದಶಕದಲ್ಲಿ ಮಾಡಿದ ಪ್ರಯೋಗ ಪ್ರಸಿದ್ಧ. ಒಂದೇ ಕೊಲೆ ಕೇಸು, ಅದೇ ಸಾಕ್ಷ್ಯ. ಬದಲಾಗಿದ್ದು ಹೇಳೋ ಕ್ರಮ ಮಾತ್ರ. ಪ್ರಾಸಿಕ್ಯೂಷನ್ ಸಾಕ್ಷ್ಯ ಕಥೆಯ ಹಾಗೆ ಮೊದಲಿಂದ ಕೊನೆಗೆ ಬಂದು, ಆರೋಪಿ ಪರ ಸಾಕ್ಷ್ಯ ಚದುರಿ ಬಂದಾಗ ಶೇ. 78 ಜನ ತಪ್ಪಿತಸ್ಥ ಅಂದ್ರು. ತಿರುಗಿಸಿ, ಆರೋಪಿ ಪರ ಸಾಕ್ಷ್ಯ ಕಥೆಯಾಗಿ ಬಂದು ಪ್ರಾಸಿಕ್ಯೂಷನ್‌ದು ಚದುರಿದಾಗ, ಶೇ. 31. ನಾವು ಸಾಕ್ಷಿಗಳನ್ನ ಒಂದೊಂದಾಗಿ ತಕ್ಕಡಿಗೆ ಹಾಕಿ ತೂಗೋದಿಲ್ಲ. ತಲೆಯಲ್ಲಿ ಒಂದು ಕಥೆ ಕಟ್ತೀವಿ, ಖಾಲಿ ಜಾಗಕ್ಕೆ ನಾವೇ ಕೊಂಡಿ ಸೇರಿಸ್ತೀವಿ, ಯಾವ ಕಥೆ ಚೆನ್ನಾಗಿ ಕೂಡುತ್ತೋ ಅದನ್ನ ನಂಬ್ತೀವಿ. ಇದು ಬೆಲೆಯಿರೋ ಸಂಶೋಧನೆ. ಆದ್ರೆ ಇದಕ್ಕೂ ಮಿತಿ ಇದೆ: ಅಣಕು ಜ್ಯೂರಿ ಎದ್ದು ಮನೆಗೆ ಹೋದ್ರೆ ಯಾರೂ ಜೈಲಿಗೆ ಹೋಗಲ್ಲ. ಮತ್ತೆ, ನೂರು ಜನ ಹೀಗೆ ವಾಲ್ತಾರೆ ಅನ್ನೋದರಿಂದ ನಿರ್ದಿಷ್ಟ ಒಂದು ಕೇಸಿನ ತೀರ್ಪು ತಪ್ಪು ಅಂತ ಸಾಬೀತಾಗಲ್ಲ.

ಹಾಗಾದ್ರೆ ತರಬೇತಿ ಪಡೆದ ಜಡ್ಜ್‌ಗಳು? ಹಸಿದ ಜಡ್ಜ್ ಕಥೆ ನೀವು ರೀಲ್‌ಗಳಲ್ಲಿ ನೋಡಿರ್ತೀರಾ. 2011ರ ಇಸ್ರೇಲಿನ ಅಧ್ಯಯನ. ಕೈದಿಗಳ ಪೆರೋಲ್ ಅರ್ಜಿ. ಊಟ-ತಿಂಡಿ ವಿರಾಮ ಮುಗಿದ ತಕ್ಷಣ ಶೇ. 65ರಷ್ಟು ಅರ್ಜಿಗೆ ಒಪ್ಪಿಗೆ, ಮುಂದಿನ ವಿರಾಮದ ಹೊತ್ತಿಗೆ ಹೆಚ್ಚುಕಮ್ಮಿ ಸೊನ್ನೆ. ತೀರ್ಮಾನ ಮಾಡಿ ಮಾಡಿ ಮಿದುಳು ದಣೀತು, ಅದಕ್ಕೇ 'ಇಲ್ಲ' ಅಂದ್ರು ಅಂತ ಸುದ್ದಿಯಾಯ್ತು. ಆದ್ರೆ ಅದೇ ವರ್ಷ ಬೇರೆ ಇಬ್ಬರು ಒಂದು ಸರಳ ಪ್ರಶ್ನೆ ಕೇಳಿದ್ರು: ಯಾವ ಅರ್ಜಿ ಯಾವಾಗ ಬರುತ್ತೆ ಅನ್ನೋದು ಲಾಟರಿನಾ? ಅಲ್ಲ. ವಕೀಲರಿಲ್ಲದ ಕೈದಿಗಳ ಅರ್ಜಿಗಳು ಸಾಮಾನ್ಯವಾಗಿ ವಿರಾಮಕ್ಕೆ ಮುಂಚೆ, ಕೊನೆಗೆ ಬರ್ತಿದ್ವು. ವಕೀಲರಿಲ್ಲದವರಿಗೆ ಪೆರೋಲ್ ಸಿಗೋದು ಮೊದಲೇ ಕಷ್ಟ. ಅಂದ್ರೆ ಹಸಿವು ಅಂದ್ಕೊಂಡಿದ್ದು, ಒಂದು ಭಾಗವಾದ್ರೂ ಬಡತನ ಇರಬಹುದು. ನಂಬರ್ ಸುಳ್ಳಲ್ಲ. ನಂಬರಿಗೆ ಹಚ್ಚಿದ ಹೆಸರು ಅನುಮಾನ.

ಇನ್ನು ಆರೋಪಿಯ ಮನಸ್ಸು. ಇದು ನಮ್ಮ ಊರಿನದ್ದೇ ಕಥೆ. 2000ದ ನಂತರದ ವರ್ಷಗಳಲ್ಲಿ ಬೇರೆ ಬೇರೆ ರಾಜ್ಯಗಳ ಪೊಲೀಸರು ಆರೋಪಿಗಳನ್ನ ಕರ್ಕೊಂಡು ಬೆಂಗಳೂರಿಗೆ ಬರ್ತಿದ್ರು, ನಾರ್ಕೋ ಪರೀಕ್ಷೆಗೆ. ಪೆಂಟೊಥಾಲ್ ಅನ್ನೋ ಔಷಧಿಯನ್ನ ರಕ್ತನಾಳಕ್ಕೆ ಕೊಟ್ಟು, ಅರೆಪ್ರಜ್ಞೆಯಲ್ಲಿರೋ ಮನುಷ್ಯನಿಗೆ ಪ್ರಶ್ನೆ ಕೇಳೋದು. ಟಿವಿಯಲ್ಲಿ ಆ ದೃಶ್ಯಗಳು ಓಡಿದ್ವು. ಮನೆಯಲ್ಲಿ ದೊಡ್ಡೋರು "ಮಂಪರು ಪರೀಕ್ಷೇಲಿ ಎಲ್ಲಾ ಬಾಯಿ ಬಿಟ್ನಂತೆ" ಅಂತ ಮಾತಾಡ್ಕೊಳ್ತಿದ್ದಿದ್ದು ನಿಮ್ಮಲ್ಲೂ ಕೆಲವರಿಗೆ ನೆನಪಿರಬಹುದು.

ಮಂಪರಿನಲ್ಲಿ ಬಾಯಿ ಸಡಿಲ ಆಗುತ್ತೆ, ನಿಜ. ಆದ್ರೆ ಸಡಿಲ ಬಾಯಿಂದ ಬಂದದ್ದೆಲ್ಲ ಸತ್ಯ ಅಲ್ಲ. ಕಲ್ಪನೆ ಬರುತ್ತೆ, ಪ್ರಶ್ನೆ ಕೇಳಿದವರು ಸುಳಿವು ಕೊಟ್ಟಿದ್ದೂ ವಾಪಸ್ ಬರುತ್ತೆ. ಪಾಲಿಗ್ರಾಫ್ ಕೂಡ ಹಾಗೇ. ಅದಕ್ಕೆ ಸುಳ್ಳು ಪತ್ತೆ ಯಂತ್ರ ಅಂತ ಹೆಸರು. ಆದ್ರೆ ಅದು ಅಳೆಯೋದು ಉಸಿರಾಟ, ರಕ್ತದ ಒತ್ತಡ, ಬೆವರು. ಪೊಲೀಸ್ ಠಾಣೆಯಲ್ಲಿ ನಿರಪರಾಧಿಗೂ ಬೆವರು ಬರುತ್ತೆ ಅನ್ನೋದನ್ನ ನಾನು ಬಿಡಿಸಿ ಹೇಳಬೇಕಿಲ್ಲ.

2010ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಡ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ನಾರ್ಕೋ, ಪಾಲಿಗ್ರಾಫ್, ಮಿದುಳಿನ ಅಲೆ ನೋಡೋ ಪರೀಕ್ಷೆ, ಈ ಯಾವುದನ್ನೂ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಬಲವಂತವಾಗಿ ಮಾಡೋ ಹಾಗಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳೋಕೆ ಯಾರನ್ನೂ ಒತ್ತಾಯಿಸಬಾರದು ಅನ್ನೋ ಸಂವಿಧಾನದ 20(3)ನೇ ವಿಧಿ, ಬದುಕು ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿ, ಎರಡೂ ಅಡ್ಡ ಬರ್ತವೆ ಅಂತು. ಒಪ್ಪಿಗೆಯಿಂದ ಮಾಡಿದ್ರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯ ಆಗಲ್ಲ, ಯಾಕಂದ್ರೆ ಉತ್ತರ ಕೊಡುವಾಗ ಮನುಷ್ಯನಿಗೆ ತನ್ನ ಮಾತಿನ ಮೇಲೆ ಹಿಡಿತ ಇರಲ್ಲ ಅಂತು. ಹಾಗೆ ಒಪ್ಪಿ ಮಾಡಿಸಿಕೊಂಡಾಗ ಅದರ ನೆರವಿನಿಂದ ಆಮೇಲೆ ಪತ್ತೆಯಾದ ವಸ್ತು, ಮಾಹಿತಿಯನ್ನ ಮಾತ್ರ ಕಾನೂನಿನ ಮಿತಿಯಲ್ಲಿ ಪರಿಗಣಿಸಬಹುದು.

ಆ ತೀರ್ಪು ಬರೀ ವಿಜ್ಞಾನದ ಮಾತಲ್ಲ, ಹಕ್ಕಿನ ಮಾತು ಅನ್ನೋದು ನನಗೆ ಮುಖ್ಯ ಅನ್ನಿಸುತ್ತೆ. ನಾಳೆ ಇನ್ನೂ ಚೆನ್ನಾಗಿರೋ ಯಂತ್ರ ಬಂದ್ರೂ, ನನ್ನ ತಲೆಯೊಳಗೆ ಕೈ ಹಾಕೋಕೆ ಮುಂಚೆ ನನ್ನನ್ನ ಕೇಳಬೇಕು. ಇದು ಪೊಲೀಸ್ ಠಾಣೆಗೆ ಹೇಳಿದ ಮಾತು, ಸರಿ. ಆದ್ರೆ ಅದರ ಹಿಂದಿನ ತತ್ವ, ಎಂಪ್ಲಾಯಿ ಐಡಿ ಕೇಳೋ ಸರ್ವೆ ಮುಂದೆ ಕೂತಾಗಲೂ ನೆನಪಿರಲಿ.

ತಕ್ಕಡಿಗೆ ಸೀಲ್ ಹಾಕೋಕೆ ಇಲಾಖೆ ಇದೆ. ಫೋನಿನಲ್ಲಿ ಬರೋ ಕ್ವಿಜ್‌ಗೆ ಇಲ್ಲ. ಹಾಗಾಗಿ ಆ ಕೆಲಸ ಸದ್ಯಕ್ಕೆ ನಮ್ಮದೇ. ನಿಮ್ಮ ಮನಸ್ಸಿನ ಬಗ್ಗೆ ಯಾರಾದ್ರೂ ಒಂದು ನಂಬರ್ ಕೊಟ್ರೆ ಮೂರು ಪ್ರಶ್ನೆ ಕೇಳಿ. ಇದು ನಿಜವಾಗಿ ಏನನ್ನ ಅಳೀತು, ಬೆವರನ್ನೋ ಸುಳ್ಳನ್ನೋ? ನನ್ನನ್ನ ಯಾರ ಜೊತೆ ಹೋಲಿಸಿ ಜಾಸ್ತಿ, ಕಮ್ಮಿ ಅಂತಿದೆ? ಈ ನಂಬರ್ ಯಾರ ಕೈಗೆ ಹೋಗುತ್ತೆ, ಅವರು ಅದರಿಂದ ಏನು ಮಾಡ್ತಾರೆ? ಮೂರಕ್ಕೂ ಉತ್ತರ ಇದ್ರೆ ಧೈರ್ಯವಾಗಿ ತುಂಬಿ, ಒಳ್ಳೆ ಮಾಪನದಿಂದ ಒಳ್ಳೆಯದೇ ಆಗುತ್ತೆ. ಮೂರನೆಯದಕ್ಕೆ ಉತ್ತರ ಸಿಗಲಿಲ್ಲ ಅಂದ್ರೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ಬರವಣಿಗೆಯಲ್ಲೇ ಕೇಳಿ. ಕೇಳೋದಕ್ಕೆ ದುಡ್ಡು ಕೊಡಬೇಕಿಲ್ಲ.

ನಿಮ್ಮ ಆಫೀಸಲ್ಲೋ ಕಾಲೇಜಲ್ಲೋ ಇಂಥ ಸರ್ವೆ ಬಂದಿದ್ರೆ, ಆಮೇಲೆ ಏನಾಯ್ತು ಅಂತ ನನಗೆ ಬರೀರಿ. ಸಂಸ್ಥೆಯ ಹೆಸರು ಬೇಡ, ನಡೆದಿದ್ದು ಸಾಕು. ಮುಂದಿನ ವಾರ ಸಿಗೋಣ. ಅಲ್ಲೀವರೆಗೂ ಹೊತ್ತಿಗೆ ಸರಿಯಾಗಿ ಊಟ ಮಾಡಿ, ಶನಿವಾರ ಮಲಗಿ.